ಸೇವಾ ಮಾಡ್ರಿ ಅನ್ನುವ ಡಾಕ್ಟರು

ಖಾನಾಪುರದಲ್ಲಿ ಹಿಂದೆ ಒಬ್ಬ ಮುದುಕ ಡಾಕ್ಟರಿದ್ದರು. ರೋಗಿಯ ನಾಡಿ ಹಿಡಿದು, ಕೈ ತೊಳೆದು, ಪಡಸಾಲೆಯಲ್ಲಿ ಚಹಾ ಕುಡಿದು, ಹೊರಡುವಾಗ ಚಪ್ಪಲಿ ಮೆಟ್ಟುತ್ತ ಹೇಳುತ್ತಿದ್ದರು: "ಇನ್ನ ಸೇವಾ ಮಾಡ್ರಿ." ಅಷ್ಟೇ. ಔಷಧ ಮುಗಿಯಿತು, ದೂರದ ಮಕ್ಕಳನ್ನು ಕರೆಸಿ, ಬಾಯಿಗೆ ನೀರು ಬಿಡಿ ಎಂಬುದೆಲ್ಲ ಅದರಲ್ಲಿ ಅಡಕವಾಗಿತ್ತು. ಅಳುವವರು ಅಳುತ್ತಿದ್ದರು, ತೀರ್ಮಾನ ಮಾಡುವ ಕಷ್ಟ ಮಾತ್ರ ಯಾರಿಗೂ ಇರಲಿಲ್ಲ. ಅದನ್ನು ಡಾಕ್ಟರು ಮಾಡಿ ಹೋಗಿರುತ್ತಿದ್ದರು.

ಈಚೆಗೆ ನನ್ನ ಅಕ್ಕ ಬೆಳಗಾವಿಯ ಒಂದು ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿ ಮಲಗಿದ್ದಾಗ ಆ ಒಂದು ಮಾತು ಹುಡುಕಿಕೊಂಡು ನಾನು ಮಹಡಿ ಮಹಡಿ ಅಲೆದೆ. ಗಂಟಲಿಗೆ ನಳಿಗೆ ಹಾಕುವ ಮುಂಚೆ ಅವಳು ಕೇಳಿದ್ದು ಇಷ್ಟೇ: "ನನ್ನ ಖಾನಾಪುರಕ್ಕ ಒಯ್ರಿ. ಲಿಂಗ ಕೈಯಾಗ ಹಿಡಕೊಂಡು ಮನ್ಯಾಗ ಹೋಗ್ತೀನಿ." ಜನ್ಮವಿಡೀ ಕೊರಳಲ್ಲಿದ್ದ ಇಷ್ಟಲಿಂಗವನ್ನು ಸೋಂಕಾದೀತೆಂದು ಬಿಚ್ಚಿ ನಮ್ಮ ಕೈಗೆ ಕೊಟ್ಟಿದ್ದರು.

ಅಲ್ಲಿ ಅಂಗಕ್ಕೊಬ್ಬ ಡಾಕ್ಟರು. ಹೃದಯದವರು ಬಂದು ಹೃದಯ ಚಲೋ ಐತಿ ಎಂದರು. ಕಿಡ್ನಿಯವರಿಗೆ ಕಿಡ್ನಿಯ ಬಗ್ಗೆ ಭಾರೀ ಸಮಾಧಾನ. ಶ್ವಾಸಕೋಶದವರು ಯಂತ್ರವನ್ನು ಹೊಗಳಿದರು. ಬಿಡಿಬಿಡಿಯಾಗಿ ಅಕ್ಕ ಸುಧಾರಿಸುತ್ತಿದ್ದಳು, ಒಟ್ಟಾಗಿ ಸಾಯುತ್ತಿದ್ದಳು. ಒಟ್ಟು ಮನುಷ್ಯನಿಗೆ ಡಾಕ್ಟರು ಆ ಕಟ್ಟಡದಲ್ಲಿ ನೇಮಕವಾಗಿರಲಿಲ್ಲ.

ಕೊನೆಗೆ ಐಸಿಯುನ ಹಿರಿಯ ಡಾಕ್ಟರನ್ನೇ ಹಿಡಿದೆವು. ಅಕ್ಕನ ಮಗ ಕೇಳಿದ:

"ಸಾಹೇಬ್ರ, ಉಳೀತಾಳೋ ಇಲ್ಲೋ, ಅಷ್ಟ ಹೇಳ್ರಿ."

"ಹಂಗ ಹೇಳಾಕ ಬರೂದಿಲ್ರಿ. ಒಯ್ಯೂದಿದ್ರ ಒಯ್ರಿ. ನಮ್ಮ ಸಲಹಾ ಮೀರಿ ಒಯ್ಯಾಕತ್ತೀವಿ ಅಂತ ಸಹಿ ಮಾಡ್ರಿ."

"ಅಂದ್ರ ನೀವು ಬ್ಯಾಡ ಅಂತೀರೇನ್ರಿ?"

"ನಾವು ಏನೂ ಅನ್ನೂದಿಲ್ರಿ."

ಸೋದರಳಿಯ ಪೆನ್ನು ಮುಟ್ಟಲಿಲ್ಲ. "ಮಾಮಾ, ಅವ್ವನ್ನ ನಾನ ಕೊಂದಂಗ ಆಗತೈತಿ," ಎಂದು ಕುಳಿತುಬಿಟ್ಟ.

ನಾನು ಡಾಕ್ಟರ ಹಿಂದೆಯೇ ಲಿಫ್ಟಿನವರೆಗೆ ಹೋಗಿ, ನಿಮ್ಮ ತಾಯಿ ಹೀಗೆ ಮಲಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಅವರು ಅತ್ತಿತ್ತ ನೋಡಿ ದನಿ ಇಳಿಸಿದರು.

"ನಮ್ಮವ್ವನ್ನ ಇಲ್ಲಿಗೆ ತರಲೇ ಇಲ್ರಿ. ಇಲ್ಲೇ ಕ್ಯಾಂಪ್ ಏರಿಯಾದಾಗ ನಮ್ಮ ಮನ್ಯಾಗ, ನನ್ನ ತೊಡಿ ಮ್ಯಾಲ ಹೋದ್ಲು."

"ಇದನ್ನ ನನ್ನ ಅಳಿಯಗ ಹೇಳ್ರಿ."

"ಅದು ಬ್ಯಾರೆರೀ ಕಾಕಾ. ಅಲ್ಲಿ ನಾ ಮಗ ಇದ್ದೆ."

ಕೋರ್ಟಿನ ಭಯ, ಕಿಟಕಿಗಳ ಗಾಜು ಒಡೆಯುವ ನೆಂಟರ ಭಯ, ಅವರಿಗೂ ಕಾರಣಗಳಿದ್ದವು. ಆದರೆ ಸ್ವಂತ ತಾಯಿಗೆ ಒಂದು ವೈದ್ಯಶಾಸ್ತ್ರ, ಉಳಿದವರ ತಾಯಂದಿರಿಗೆ ಇನ್ನೊಂದು ಎಂಬ ಈ ಸಂಶೋಧನೆ ಯಾವ ಕಾಲೇಜಿನಲ್ಲಿ ನಡೆಯಿತೋ ತಿಳಿಯದು.

ಅಕ್ಕ ನಳಿಗೆಯೊಂದಿಗೇ ಹೋದಳು. ಅದನ್ನು ಕಿತ್ತುಕೊಳ್ಳದಿರಲೆಂದು ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಅದೇ ಡಾಕ್ಟರು ಹೊರಬಂದು ಅಳಿಯನ ಹೆಗಲ ಮೇಲೆ ಕೈಯಿಟ್ಟು, "ನಮ್ಮ ಕಡಿಂದ ಏನೂ ಕಮ್ಮಿ ಮಾಡಲಿಲ್ರಿ" ಎಂದರು.

"ಹೌದ್ರಿ," ಎಂದೆ ನಾನು. "ಒಂದೂ ಬಿಡಲಿಲ್ಲ ನೀವು."

ಅವರು ಅದನ್ನು ಉಪಕಾರಸ್ಮರಣೆ ಎಂದು ತಿಳಿದು ಕೈ ಮುಗಿದರು.