ಮೀಸೆಯಿಲ್ಲದೆ ಬಾಗಿಲಿಗೆ ಹೋದದ್ದು

ಅಕ್ಕನ ಸಂಬಂಧ ತಪ್ಪಿದ್ದು ನನ್ನ ಮೀಸೆಯಿಂದ ಎಂದು ನಮ್ಮ ನೆಂಟರೆಲ್ಲ ಹೇಳುತ್ತಾರೆ. ಮೀಸೆಯಿಂದಲ್ಲ, ಮೀಸೆ ಇಲ್ಲದ್ದರಿಂದ ಎಂದು ನಾನು ತಿದ್ದುತ್ತೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಹತ್ತಿದ ಚಾಳಿ ಇದು. ಎದುರಿನವರ ಮೊದಲ ವಾಕ್ಯದಲ್ಲೇ ತಪ್ಪು ಹಿಡಿಯಬೇಕು. ಹೀಗೆ ತಿದ್ದಿದ್ದರಿಂದ ಇದುವರೆಗೆ ಒಬ್ಬರ ಅಭಿಪ್ರಾಯವೂ ಬದಲಾಗಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ನಾಟಕ ತಂಡದ ಜೊತೆ ನಾಲ್ಕು ತಿಂಗಳು ಊರೂರು ತಿರುಗಿದೆ. ಮುದುಕಿಯ ಪಾತ್ರ ಮಾಡುತ್ತಿದ್ದಾಕೆ ನಡುವೆ ಬಿಟ್ಟುಹೋದಳು. ಪಾತ್ರವನ್ನು ನನ್ನ ತಲೆಗೆ ಕಟ್ಟಿದರು, ಮೀಸೆ ಹೋಯಿತು. ನಮ್ಮ ಕಡೆ ಮಗ ಮೀಸೆ ತೆಗೆಯುವುದು ಅಪ್ಪ ಸತ್ತಾಗ ಮಾತ್ರ. ನನಗದು ಗೊತ್ತಿತ್ತು. ಗೊತ್ತಿದ್ದೇ ತೆಗೆದೆ, ಒಂದು ಮೂಢನಂಬಿಕೆಯನ್ನು ಪುಗಸಟ್ಟೆ ಸೋಲಿಸಿದೆನೆಂದು ಖುಷಿಯನ್ನೂ ಪಟ್ಟೆ.

ಗುಬ್ಬಿಯಲ್ಲಿ ಕೊನೆಯ ಪ್ರದರ್ಶನ ಮುಗಿಸಿ ಮರುದಿನ ಬೆಳಿಗ್ಗೆ ಮರಳೂರಿನ ಮನೆಗೆ ಬಂದರೆ, ಅವತ್ತೇ ಅಕ್ಕನನ್ನು ನೋಡಲು ಕುಣಿಗಲ್‌ನಿಂದ ಹುಡುಗನ ಕಡೆಯವರು ಬರುವವರಿದ್ದರು. ಅಮ್ಮ ನನ್ನ ಮುಖ ನೋಡಿದವಳೇ ಸೌಟು ಹಿಡಿದು ನಿಂತುಬಿಟ್ಟಳು.

"ಏನ್ಲಾ ಇದು? ನಿಮ್ಮಪ್ಪ ಒಳಗೆ ಹಾಡ್ಕೊಂಡು ಸ್ನಾನ ಮಾಡ್ತಾವ್ರೆ, ನೀನು ಹಿಂಗ್ ಬಂದು ನಿಂತಿದೀಯಾ?"

"ನಾಟಕಕ್ಕಮ್ಮ."

"ಅವ್ರು ಹೋಗೋಗಂಟ ಹಿಂದಿನ್ ರೂಮಿಂದ ಈಚೆ ಬಂದ್ರೆ ನೋಡು."

ಕೂತೆ. ಹನ್ನೊಂದರ ಹೊತ್ತಿಗೆ ಬಾಗಿಲು ಬಡಿದರು. ಅಮ್ಮ ಕೇಸರಿಬಾತ್ ತಿರುವುತ್ತಿದ್ದಳು, ಅಪ್ಪ ಪಂಚೆ ಉಡುತ್ತಿದ್ದರು. ಸೀರೆಯುಟ್ಟು ತಯಾರಾಗಿದ್ದ ಅಕ್ಕ ನನ್ನ ರೂಮಿಗೆ ಇಣುಕಿ, ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು.

"ಹೋಗೋ, ಬಾಗ್ಲು ತೆಗಿ. ಬಿಸ್ಲಲ್ಲಿ ನಿಂತವ್ರೆ."

"ಅಮ್ಮ ಬೈತಾಳೆ ಕಣೇ."

"ಥೂ, ದೊಡ್ಡ ಡಿಬೇಟರ್ರು! ಅಮ್ಮಂಗೆ ಹೆದರ್ಕೊಂಡು ಕೂತವ್ನೆ."

ತೆಗೆದೆ. ಎದುರಿಗಿದ್ದ ಹುಡುಗನ ತಾತ ನನ್ನ ತುಟಿಯ ಮೇಲೆ ಕಣ್ಣಿಟ್ಟು, ಒಳಗಿಡಲು ಎತ್ತಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.

"ಅಯ್ಯೋ ಶಿವನೇ! ಅಪ್ಪಾರು ಯಾವಾಗ ತೀರ್ಕೊಂಡ್ರಪ್ಪ? ನಮಗ್ಯಾರೂ ಹೇಳ್ಲೇ ಇಲ್ವಲ್ಲ!"

ಪಂಚೆ ಸರಿಮಾಡಿಕೊಳ್ಳುತ್ತ ಅಪ್ಪ ಬಂದರು. "ಬನ್ನಿ ಬನ್ನಿ. ಯಾರು ತೀರ್ಕೊಂಡ್ರು?"

ತಾತ ಅಪ್ಪನನ್ನೂ ನನ್ನನ್ನೂ ಸರದಿಯಲ್ಲಿ ನೋಡಿದರು. "ಸೂತಕದ ಮನೆ ಆಗಿದ್ರೆ ಕಳೆದ್ಮೇಲೆ ಬರ್ತಿದ್ವಿ ಸ್ವಾಮಿ. ಅಪ್ಪ ಬದುಕಿದ್ದಂಗೇ ಬೋಳ್ಸ್ಕೊಂಡವ್ನಲ್ಲ, ಇದನ್ನ ಹೆಂಗೆ ಕಳೆಯೋದು?"

ನಾನು ಸುಮ್ಮನಿರಬೇಕಿತ್ತು. "ನಾಟಕದಲ್ಲಿ ರಾಜ ಸತ್ರೆ ನಟನಿಗೆ ತಿಥಿ ಮಾಡ್ತೀರಾ?" ಎಂದು ಕೇಳಿಬಿಟ್ಟೆ. ಸ್ಪರ್ಧೆಯಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಹೆಣ್ಣು ನೋಡಲು ಬಂದವರ ಮುಂದೆ ತಿಥಿಯ ಮಾತೆತ್ತಿದ್ದೆ. ಹುಡುಗ ನಗು ತಡೆದುಕೊಂಡು ಚಪ್ಪಲಿ ನೋಡಿಕೊಂಡ. ನೀರೂ ಮುಟ್ಟದೆ ಹೊರಟರು.

ಮೂರು ವಾರಕ್ಕೆ ಮೀಸೆ ಬಂತು. ಅಪ್ಪ ಎರಡು ಸಲ ಕುಣಿಗಲ್‌ಗೆ ಹೋಗಿ ಬೇಡಿಕೊಂಡರು. ಎರಡನೆಯ ಸಲ ಜಗುಲಿಯಲ್ಲೇ ನಿಲ್ಲಿಸಿ ಮಾತಾಡಿ ಕಳಿಸಿದರಂತೆ. ಆಮೇಲೆ ಬಂದ ಸಂಬಂಧಗಳಿಗೂ ಮೀಸೆಯ ಕಥೆ ನಮಗಿಂತ ಮೊದಲೇ ತಲುಪಿರುತ್ತಿತ್ತು, ಒಂದೂ ಕೂಡಿಬರಲಿಲ್ಲ. ಅಕ್ಕ ಈಗ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ನೋಡಿಕೊಳ್ಳುತ್ತಾಳೆ. ಅವಳ ಎದುರೇ ನೆಂಟರು ನನ್ನನ್ನು ಬೈಯುತ್ತಾರೆ. ಅವಳು ಬೇಡ ಅನ್ನುವುದಿಲ್ಲ, ಹೌದು ಅಂತಲೂ ಅನ್ನುವುದಿಲ್ಲ.

ಬಾಗಿಲಿಗೆ ನನ್ನನ್ನು ಕಳಿಸಿದ್ದು ಅವಳು ಎಂದು ನಾನು ಇನ್ನೂ ಯಾರಿಗೂ ಹೇಳಿಲ್ಲ. ಹೇಳಿದರೆ ನಾನು ಗೆಲ್ಲಬಹುದು. ಆದರೆ ಯಾರ ಮೇಲೆ? ಆತುರದಲ್ಲಿ ಕಳಿಸಿದ್ದರೆ ಅವಳ ಬದುಕು ಕೆಡಿಸಿದವನು ನಾನೇ. ಬೇಕೆಂದೇ ಕಳಿಸಿದ್ದರೆ, ಆ ಮದುವೆ ಬೇಡವೆಂದು ಬಾಯಿಬಿಟ್ಟು ಹೇಳಲು ಈ ಮನೆಯಲ್ಲಿ ಅವಳಿಗೆ ಒಬ್ಬರೂ ಇರಲಿಲ್ಲ, ನಾನೂ ಸೇರಿದಂತೆ. ಯಾವ ಪಕ್ಷ ಹಿಡಿದರೂ ನನ್ನ ವಾದ ಮುಂದೆ ಹೋಗುವುದಿಲ್ಲ.

ಹೋದ ಭಾನುವಾರ ಹಿತ್ತಲಲ್ಲಿ ಇಬ್ಬರೂ ಅವರೆಕಾಯಿ ಬಿಡಿಸುತ್ತಿದ್ದಾಗ ಕೊನೆಗೂ ಕೇಳಿದೆ:

"ಅಕ್ಕ, ಅವತ್ತು ನೀನು ಬೇಕಂತಲೇ ನನ್ನ ಬಾಗ್ಲಿಗೆ ಕಳಿಸ್ದಾ?"