ಅಕ್ಕನ ಬರಿಹಣೆ

ಒಂದೇ ಒಂದು ಮಾತು ಆಡಬೇಕಿತ್ತು, ಆಡಲಿಲ್ಲ. ಡೊಂಬಿವಲಿಯಿಂದ ಠಾಣೆಗೆ ಹೋಗುವ ಬೆಳಗಿನ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ, ನನ್ನ ಒಡಹುಟ್ಟಿದ ಅಕ್ಕ ಗ್ರೇಸ್ ತನ್ನ ನಂಬಿಕೆಯ ಪರವಾಗಿ ಒಬ್ಬಳೇ ನಿಂತು ಮಾತಾಡುತ್ತಿದ್ದಾಗ, "ನಾನೂ ಅವಳ ಹಾಗೆಯೇ" ಎನ್ನಬೇಕಾಗಿದ್ದ ನಾನು ಬೇರೆಯೇ ಒಂದು ಮಾತು ಹೇಳಿದೆ. ಏಳನೆಯ ತರಗತಿಗೆ ಶಾಲೆ ಬಿಟ್ಟವಳು ನಾನು, ಬರೆದು ಅಭ್ಯಾಸವಿಲ್ಲ. ಆದರೂ ಇದನ್ನು ನಿಮ್ಮ ಮುಂದೆ ಇಡದೆ ನನಗೆ ಸಮಾಧಾನವಿಲ್ಲ.

ಠಾಣೆಯಲ್ಲಿ ಗಾಡಿ ಬದಲಿಸಿ ರಬಾಳೆಯ ಔಷಧಿ ಪ್ಯಾಕಿಂಗ್ ಕಾರ್ಖಾನೆಗೆ ನಾವಿಬ್ಬರೂ ವರ್ಷಗಟ್ಟಲೆ ಜೊತೆಯಾಗಿ ಹೋದವರು. ಡಬ್ಬಿಯ ಒಂದು ಮೂಲೆ ಕನ್ನಡದ ಹೆಂಗಸರದು. ಅದರ ಯಜಮಾನಿ ಉಡುಪಿ ಕಡೆಯ ಶಾರದಕ್ಕ. ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವಳಾಗಿ ಒರಗಿಕೊಳ್ಳಲೂ ಅವಳ ಕೃಪೆ ಬೇಕು. ದಸರೆಗೆ ಡಬ್ಬಿಯೊಳಗೇ ದೇವಿಯ ಪಟವಿಟ್ಟು, ಕಂಬಿಗಳಿಗೆಲ್ಲ ಚೆಂಡುಹೂವಿನ ತೋರಣ ಕಟ್ಟಿ, ಪೇಢೆ ಹಂಚಿ, ಎಲ್ಲರ ಹಣೆಗೆ ಅರಿಸಿನ ಕುಂಕುಮ ಹಚ್ಚುವುದು ಇಲ್ಲಿನ ರೂಢಿ. ಆ ತೋರಣವನ್ನು ಪ್ರತಿವರ್ಷ ಕಟ್ಟಿ ತರುತ್ತಿದ್ದವಳು ಅಕ್ಕನೇ. ಕುಂಕುಮದ ಬಟ್ಟಲು ಬಂದಾಗ ಮಾತ್ರ ಕೈಮುಗಿದು, ನಕ್ಕು, ಬೇಡವೆನ್ನುತ್ತಿದ್ದಳು. ನಾನೋ, ದಿನವೂ ಸ್ಟಿಕರ್ ಬೊಟ್ಟು ಅಂಟಿಸಿಕೊಳ್ಳುವವಳು, ಕೇಳುವ ಮೊದಲೇ ಹಣೆ ಒಡ್ಡುತ್ತಿದ್ದೆ.

ಆ ವರ್ಷ ಶಾರದಕ್ಕ ಬಿಡಲಿಲ್ಲ. "ಎಂತ ಮಾರಾಯ್ತಿ, ಗಂಡ ಗಟ್ಟಿಮುಟ್ಟಾಗಿ ಇರುವಾಗ ಬರೀ ಹಣೆ ಎಂತಕ್ಕೆ? ಎಲ್ಲ ದೇವರೂ ಒಂದೇ ಅಲ್ವಾ?"

"ಹೂ ನಿಮ್ಮ ಸಂತೋಷಕ್ಕೆ ಕಟ್ಟಿದ್ದು ಶಾರದಕ್ಕ. ಈ ಹಣೆಗೆ ದೀಕ್ಷಾಸ್ನಾನದ ನೀರು ಬಿದ್ದಿದೆ. ಇದು ನನ್ನ ಕರ್ತನಿಗೆ ಕೊಟ್ಟಾಗಿದೆ."

ಮಹಾಪೆಯ ಕಂಪ್ಯೂಟರ್ ಆಫೀಸಿಗೆ ಹೋಗುವ ಬೆಂಗಳೂರಿನ ಹುಡುಗಿಯೊಬ್ಬಳು ಕಿವಿಯ ವೈರು ತೆಗೆದು, "ದೇವ್ರೇ ಇಲ್ಲ ಆಂಟಿ, ಅದು ಬರೀ ಬಣ್ಣ. ಇಟ್ಕೊಂಡ್ಬಿಡಿ, ಟೆನ್ಶನ್ ಯಾಕೆ?" ಎಂದಳು.

"ಬರೀ ಬಣ್ಣ ಆದ್ರೆ ಇಡದಿದ್ರೆ ಎಂತ ನಷ್ಟ ಮಗಾ?" ಎಂದಳು ಅಕ್ಕ. ನಾಲ್ಕು ಮಂದಿ ನಕ್ಕರು. ಆ ನಗು ಶಾರದಕ್ಕನಿಗೆ ಚುಚ್ಚಿತು.

"ನಿಮ್ಮ ಅಜ್ಜನಿಗೆ ಪಾದ್ರಿಗಳು ಎಷ್ಟು ಸೇರು ಅಕ್ಕಿ ಕೊಟ್ಟಿದ್ರು? ಅದನ್ನು ಹೇಳು ಮೊದಲು."

"ಕೊಟ್ಟಿದ್ರೆ ಹಸಿದವನಿಗೆ ಕೊಟ್ಟದ್ದು, ಒಳ್ಳೇದೇ ಆಯ್ತು. ನನಗೆ ಯಾರೂ ಕೊಡ್ಲಿಲ್ಲ. ನಾನು ನಂಬಿದವಳು, ಅಷ್ಟೇ."

"ಹಾಗಾದ್ರೆ ನಿನ್ನ ತಂಗಿಯ ಹಣೆಗೆ ನೀರು ಬೀಳ್ಲಿಲ್ವಾ? ಏ ಸುನಂದಾ, ನೀನೇ ಹೇಳು."

ಎಲ್ಲರ ಕಣ್ಣೂ ನನ್ನ ಮೇಲೆ. ಅಕ್ಕನ ಕಣ್ಣೂ. ನಾನು ಹಲ್ಲು ಕಿರಿದು ಅಂದೆ: "ಅಕ್ಕ ಸ್ವಲ್ಪ ಕಟ್ಟರ್, ಶಾರದಕ್ಕ. ನಾನು ಹಾಗಲ್ಲ."

ಮರುದಿನದಿಂದ ಅಕ್ಕ ಹಿಂದಿನ ಡಬ್ಬಿ ಹತ್ತತೊಡಗಿದಳು. ಭಾನುವಾರ ದೇವಾಲಯದಲ್ಲಿ ಒಂದೇ ಬೆಂಚಿನಲ್ಲಿ ಕೂತರೂ ಆ ಮಾತನ್ನು ಅವಳು ಎತ್ತಲಿಲ್ಲ, ನಾನು ಎತ್ತುವ ಧೈರ್ಯ ಮಾಡಲಿಲ್ಲ.

ನನಗೆ ಸಿಟ್ಟು ಬರುತ್ತದೆ, ನೀವೇ ಹೇಳಿ, ಬರಬಾರದೇ? ಎಲ್ಲವೂ ಒಂದೇ ಎನ್ನುವವರೂ ಏನೂ ಇಲ್ಲ ಎನ್ನುವವರೂ ಕೊನೆಗೆ ಸೇರಿ ಅಕ್ಕನಿಗೆ ಹೇಳಿದ್ದು "ಇಟ್ಟುಕೋ" ಎಂಬ ಒಂದೇ ಮಾತು. ಎಲ್ಲವೂ ಒಂದೇ ಆಗಿದ್ದರೆ ಬಗ್ಗುವ ಹಣೆ ಯಾವಾಗಲೂ ನಮ್ಮದೇ ಯಾಕಾಗಬೇಕು? ನಮ್ಮೊಡನೆ ಮೊಣಕಾಲೂರಿ ಎಂದು ನಾವು ಯಾರನ್ನಾದರೂ ಪೀಡಿಸಿದೆವೇ? ಹಸಿದ ಅಜ್ಜನ ತಟ್ಟೆಯ ಅಕ್ಕಿಯನ್ನು ಮೊಮ್ಮಗಳ ಮುಖಕ್ಕೆ ಎಸೆಯುವುದು ಯಾವ ಧರ್ಮ? ಶಾರದಕ್ಕನ ಕೈ ಮುರಿದಿದ್ದಾಗ ಪ್ಲಾಸ್ಟರ್ ಬಿಚ್ಚುವವರೆಗೆ ದಿನವೂ ಅದೇ ಗಾಡಿಯಲ್ಲಿ ಅವಳ ತಲೆ ಬಾಚಿ ಜಡೆ ಹೆಣೆದವಳು ಈ ಅಕ್ಕ. ಅಕ್ಕನ ಉಪದೇಶವೆಲ್ಲ ಆ ಬಾಚಣಿಗೆಯಲ್ಲೇ ಇತ್ತು. ಆದರೆ ಇಷ್ಟೆಲ್ಲ ಸಿಟ್ಟನ್ನು ತೂಗಿ ನೋಡಿದರೆ ಹೆಚ್ಚಿನ ಪಾಲು ನನ್ನ ಮೇಲೆಯೇ. ಅವರು ಅರಿಯದೆ ಆಡಿದರು. ನಾನು ಎಲ್ಲ ಅರಿತು, ಕೂರುವ ಜಾಗಕ್ಕಾಗಿ ಅವಳನ್ನು ಬಿಟ್ಟುಕೊಟ್ಟೆ.

ಮುಂದಿನ ದಸರೆಗೆ ಬಟ್ಟಲು ನನ್ನೆದುರು ಬಂತು. "ಬೇಡ ಶಾರದಕ್ಕ. ನಾನೂ ಅಕ್ಕನ ಹಾಗೆಯೇ." ಅವಳು ನನ್ನನ್ನು ಒಂದು ಗಳಿಗೆ ನೋಡಿ, ಬಟ್ಟಲನ್ನು ಪಕ್ಕದವಳಿಗೆ ಹಿಡಿದಳು. ಇಷ್ಟೇ ಆಗಿತ್ತು. ಇಷ್ಟಕ್ಕೆ ನಾನು ಹೆದರಿದ್ದೆ.

ಠಾಣೆಯಲ್ಲಿ ಇಳಿದವಳೇ ಜನರನ್ನು ತಳ್ಳಿಕೊಂಡು ಹಿಂದಕ್ಕೆ ಓಡಿದೆ. ಅಕ್ಕ ಸೇತುವೆಯ ಮೆಟ್ಟಿಲ ಬಳಿ ಸಿಕ್ಕಳು.

"ಎಂತಾಯ್ತೇ? ಬೇಗ ನಡಿ, ರಬಾಳೆಯ ಗಾಡಿ ಹೊರಡ್ತದೆ."

"ಹೋಗಲಿ," ಎಂದೆ. ಮೈಗೆ ಮೈ ತಾಗಿಸಿ ಹೋಗುವ ಜನ ನಮ್ಮತ್ತ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆ: "ಅಕ್ಕಾ, ಅವತ್ತು ಅವರೆಲ್ಲರ ಮುಂದೆ ನಿನ್ನನ್ನು ಒಬ್ಬಳನ್ನೇ ಬಿಟ್ಟೆ. ಹೆದರಿ ಬಿಟ್ಟೆ. ತಪ್ಪಾಯಿತು, ನನ್ನನ್ನು ಕ್ಷಮಿಸು."