ಲಾರಿಯ ಹಿಂದೆ ರಾಕೆಟ್ಟು

ಟಾರ್ಬೆನ್‌ಗೆ ಏನೋ ಆಗಿದೆ ಎಂಬ ಚಿಂತೆ ಹ್ಯಾಂಬರ್ಗ್ ಬಿಟ್ಟಾಗಿನಿಂದ ವೀಬ್ಕೆಯನ್ನು ಕೊರೆಯುತ್ತಿತ್ತು. ಅವಳ ಗಂಡನೆಂದರೆ ಕಾರಿಗೆ ಮನೆಯಳಿಯನಾಗಿ ಹೋದಂಥವನು. ಹಿಂದುಗಡೆ ಮಂಚವೇ ಹಿಡಿಸುವ ಆ ಉದ್ದನೆಯ ಗಾಡಿಯನ್ನು ಯಾರಾದರೂ ಸಾಮಾನು ಬಂಡಿ ಎಂದರೆ, "ಅಲ್ಲಪ್ಪ, ಇದು ಡಿಕ್ಕಿ ಇರೋ ರಾಕೆಟ್ಟು" ಅನ್ನುವನು. ಪ್ರತಿ ಬೇಸಿಗೆ ಕ್ರೊವೇಷಿಯಾದ ಕಡಲಿಗೆ ಹೊರಟರೆ ಬೇಯಿಸಿದ ಮೊಟ್ಟೆಯನ್ನೂ ಓಡುವ ಕಾರಿನಲ್ಲೇ ಸುಲಿಯಬೇಕು, ವೇಗಕ್ಕೆ ಮಿತಿಯಿಲ್ಲದ ಹೆದ್ದಾರಿ ಸಿಕ್ಕಿತೋ, ಜೋರಾಗಿ ಹೋಗುವವರ ಎಡಗಡೆಯ ಸಾಲು ಅವನಪ್ಪನ ಆಸ್ತಿ, ಒಂದಕ್ಕೆ ನಿಲ್ಲಿಸು ಎಂದರೆ, "ತಡಿ, ಆಸ್ಟ್ರಿಯಾ ಬರ್ಲಿ." ಈ ಸಲ ಮಾತ್ರ, ಹಸುಗೂಸು ಯೂಲೆಯನ್ನು ಹಿಂದೆ ಮಲಗಿಸಿಕೊಂಡು, ಆಲೂಗಡ್ಡೆ ಲಾರಿಯೊಂದರ ಹಿಂದೆ ತೆವಳುತ್ತಿದ್ದ. "ಹುಷಾರಿಲ್ವಾ?" "ಎಂಜಿನ್ ಬಿಸಿಯಾಗ್ಲಿ ಅಂತ." "ಬೆಳಿಗ್ಗೆಯಿಂದಾನಾ?" ಅವನು ಮಗುವಿನ ಮುಖ ಕಾಣಲೆಂದು ತಾನೇ ಕಟ್ಟಿದ್ದ ಪುಟ್ಟ ಕನ್ನಡಿಯತ್ತ ಇನ್ನೊಮ್ಮೆ ಕಣ್ಣು ಹಾಯಿಸಿದ. ಕೆಟ್ಟಿರುವುದು ಕಾರೋ ಗಂಡನೋ ತಿಳಿಯದೆ, ಪೆಟ್ರೋಲ್ ಬಂಕಿನಲ್ಲಿ ಇಳಿದವಳೇ ಅತ್ತೆ ಹೈಕೆಗೆ ಫೋನು ಹಚ್ಚಿದಳು. "ನಿಮ್ಮ ಮಗ ಲಾರಿ ದಾಟ್ತಾನೇ ಇಲ್ಲ. ಡಾಕ್ಟರಿಗೆ ತೋರಿಸ್ಲಾ?" ಅತ್ತೆ ನಕ್ಕರು. "ಇವನು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ತಂದ ದಿನ, ಇವರಪ್ಪ ದಾರಿಯುದ್ದಕ್ಕೂ ಒಂದು ಟ್ರ್ಯಾಕ್ಟರ್ ಹಿಂದೇನೇ ಬಂದ್ರು ಕಣಮ್ಮ. ಅದನ್ನ ದಾಟೋಕೆ ಅವರಿಗೆ ಧೈರ್ಯ ಸಾಲ್ಲಿಲ್ಲ."